ಅಂತರ ಕಲಿಸಿದವರು

ಹೋದ ತಿಂಗಳು ಒಂದು ಮಧ್ಯಾಹ್ನ, ಇಳಕಲ್ಲಿನ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯ ವಿಜ್ಞಾನ ಪತ್ರಿಕೆ ತಿದ್ದುತ್ತ ಕುಳಿತಿದ್ದಾಗ ಫೋನ್ ಬಂತು. ಕಾವಲಿನ ಕಾಕಾನದು. ಹನ್ನೊಂದು ವರ್ಷದ ಹಿಂದೆ ನಾನು ಹವಾಮಾನ ಅಳೆಯುವ ಒಂದು ಸಣ್ಣ ಕೇಂದ್ರದಲ್ಲಿ ಹಂಗಾಮಿ ಸಹಾಯಕಿಯಾಗಿದ್ದಾಗ ಅಲ್ಲಿ ಕಾವಲಿಗಿದ್ದವನು.

"ಅಕ್ಕಾರ, ಸರ್ ಹೋದ್ರರಿ," ಎಂದ.

"ಎಲ್ಲಿಗಿ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಅರ್ಥವಾಯಿತು.

ಫೋನ್ ಕೆಳಗಿಟ್ಟು ಮತ್ತೆ ಪತ್ರಿಕೆ ತಿದ್ದತೊಡಗಿದೆ. ಎರಡು ಪತ್ರಿಕೆಗಳ ಮೇಲೆ ಅಂಕ ಹಾಕಿದ ನಂತರ, ಓದದೆಯೇ ಹಾಕಿದ್ದೇನೆಂದು ಗೊತ್ತಾಗಿ ಹೊಡೆದುಹಾಕಿದೆ. ಅಳು ಬರಲಿಲ್ಲ. ಬರಬೇಕಾಗಿತ್ತು ಎನಿಸಿತು. ನನಗೆ ಗೊತ್ತಿರುವ ವಿಜ್ಞಾನದಲ್ಲಿ ಮುಕ್ಕಾಲು ಪಾಲು ಆ ಮನುಷ್ಯ ಕಲಿಸಿದ್ದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕೇಂದ್ರ ಯಾವ ಊರ ಪಕ್ಕದ್ದು ಎಂಬುದನ್ನೂ ಬರೆಯುವುದಿಲ್ಲ. ಹುನಗುಂದದಿಂದ ಬಸ್ಸಿನಲ್ಲಿ ಹೋಗಿ, ಇಳಿದು, ಎರೆ ಹೊಲಗಳ ನಡುವೆ ಸ್ವಲ್ಪ ನಡೆಯಬೇಕಿತ್ತು ಎಂದಷ್ಟೇ ಹೇಳಬಲ್ಲೆ. ತಂತಿ ಬೇಲಿಯೊಳಗೆ ಒಂದು ಮಳೆಮಾಪಕ, ಬಿಳಿ ಬಣ್ಣದ ಒಂದು ಜಾಲರಿ ಪೆಟ್ಟಿಗೆ, ಅದರೊಳಗೆ ಉಷ್ಣತಾಮಾಪಕಗಳು. ಎರಡು ಕೋಣೆಯ ಕಚೇರಿ. ಇಷ್ಟಕ್ಕೆಲ್ಲ ಅವರೇ ಮುಖ್ಯಸ್ಥರು.

ಗಿಡ್ಡ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೊಂದು ಟವೆಲ್. "ಲಿಂಗಪೂಜಿ ಎಂಟಕ್ಕ ಮುಗೀಬೇಕು, ಎಂಟೂವರಿಗೆ ಇದರ ಪೂಜಿ," ಎಂದು ಬಿಳಿ ಪೆಟ್ಟಿಗೆಯನ್ನು ತೋರಿಸುತ್ತಿದ್ದರು. ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ಒಂದು ಸಲ ದೀರ್ಘವಾಗಿ ಉಸಿರು ಬಿಟ್ಟು, ಆಮೇಲೆ ಓದಿ ಮುಗಿಸುವ ತನಕ ಉಸಿರು ಹಿಡಿಯುತ್ತಿದ್ದರು. ನಮ್ಮ ಉಸಿರಿನ ಬಿಸಿ ತಾಗಿದರೆ ಅಂಕಿ ಕೆಡುತ್ತದೆ ಎನ್ನುವುದು ಅವರ ನಂಬಿಕೆ. ನನಗೂ ಅದೇ ರೂಢಿಯಾಯಿತು. ಇವತ್ತಿಗೂ ಮಕ್ಕಳಿಗೆ ಉಷ್ಣತಾಮಾಪಕ ತೋರಿಸುವಾಗ ನನಗೆ ತಿಳಿಯದಂತೆ ಉಸಿರು ನಿಂತಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಒಂದು ಪುಸ್ತಕವನ್ನೂ ಕೊಡಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಕರೆದುಕೊಂಡು ಹೋಗಿ, "ಚಪ್ಪಲಿ ಬಿಡು ತಂಗಿ," ಎಂದರು. ಬೇಲಿಯ ಆಚೆ ಒಣಗಿದ ಹೊಲ. ಕಾಲಿಟ್ಟವಳು ಚೀರಿದೆ. ಅಲ್ಲಿಂದ ಹತ್ತು ಹೆಜ್ಜೆಯ ಮೇಲೆ ಯಾರದೋ ಉಳ್ಳಾಗಡ್ಡಿಯ ಮಡಿ, ಬೆಳಿಗ್ಗೆ ನೀರು ಹಾಯಿಸಿದ್ದು. ಅದರ ಅಂಚಿನಲ್ಲಿ ನಿಲ್ಲಿಸಿದರು. ತಂಪು. "ನಾಳಿ ಹೊತ್ತ ಹುಟ್ಟೂದ್ರೊಳಗ ಬಾ," ಎಂದರು. ಮರುದಿನ ಮೊದಲ ಬಸ್ಸಿಗೆ ಹೋದೆ. ಮತ್ತೆ ಚಪ್ಪಲಿ ಬಿಡಿಸಿದರು. ನಿನ್ನೆ ಕೆಂಡದಂತಿದ್ದ ಒಣ ಹೊಲ ಅಂಗಾಲಿಗೆ ಕೊರೆಯುತ್ತಿತ್ತು. ನೀರುಂಡ ಮಡಿ ಅಷ್ಟು ತಣ್ಣಗಿರಲಿಲ್ಲ.

"ತಿಳೀತೇನು? ನೆಲದಾಗ ಹಸಿ ಇದ್ರ ಬಿಸಲು ಅದನ್ನ ಒಣಗಿಸೂದ್ರಾಗ ದಣೀತೈತಿ. ಹಸಿ ಇಲ್ಲಾಂದ್ರ ಆ ಬಿಸಲೆಲ್ಲಾ ನೆಲಕ್ಕ, ಗಾಳಿಗೆ. ರಾತ್ರಿ ಮ್ಯಾಲೆ ಮೋಡ ಇದ್ರ ಕೌದಿ ಹೊದ್ದಂಗ, ಬಿಸಿ ಹೊರಗ ಹೋಗಂಗಿಲ್ಲ. ಮೋಡ ಇಲ್ಲಾಂದ್ರ ಬರೇ ಮೈಲೆ ಮಲಗಿದಂಗ. ಮಳಿ ತಪ್ಪಿತು ಅಂದ್ರ ಹಗಲು ಒಂದ ಕಡಿ ಓಡ್ತೈತಿ, ರಾತ್ರಿ ಒಂದ ಕಡಿ ಓಡ್ತೈತಿ. ನಡುವಿಂದು ಅಂತರ."

ಅಂತರ ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಹಗಲಿನ ಅತಿ ಹೆಚ್ಚಿನ ಉಷ್ಣತೆಗೂ ರಾತ್ರಿಯ ಅತಿ ಕಡಿಮೆ ಉಷ್ಣತೆಗೂ ನಡುವಿನ ವ್ಯತ್ಯಾಸ. ಮಳೆಗಾಲದಲ್ಲಿ ಅದು ಕುಗ್ಗಬೇಕು. ಆಷಾಢ, ಶ್ರಾವಣ ಬಂದರೂ ಕುಗ್ಗದಿದ್ದರೆ ಮಳೆ ತಪ್ಪಿದೆ ಎಂದೇ ಅರ್ಥ. "ಮಳಿಮಾಪಕ ಒಂದ ಬಟ್ಟಲದಷ್ಟ ಜಾಗದ ಸುದ್ದಿ ಹೇಳ್ತೈತಿ. ಅಂತರ ಸುತ್ತಿನ ಹೊಲಗಳದೆಲ್ಲಾ ಹೇಳ್ತೈತಿ," ಎನ್ನುತ್ತಿದ್ದರು.

ಒಮ್ಮೆ ಬಾದಾಮಿಗೆ ಹೋಗಿ ಬಂದವರು ಚೀಲದಿಂದ ಒಂದು ಕೆಂಪು ಕಲ್ಲಿನ ಚೂರು ತೆಗೆದು ಮೇಜಿನ ಮೇಲಿಟ್ಟರು. ಹಪ್ಪಳದಷ್ಟು ತೆಳ್ಳಗಿತ್ತು. ದಾರಿ ಬದಿಯ ಬಂಡೆಯಿಂದ ಉದುರಿ ಬಿದ್ದದ್ದಂತೆ. ಹಗಲೆಲ್ಲ ಹಿಗ್ಗಿ ರಾತ್ರಿಯೆಲ್ಲ ಕುಗ್ಗಿ ಬಂಡೆ ಹೀಗೆ ಪದರು ಬಿಡುತ್ತದೆ ಎಂದು ವಿವರಿಸಿ, "ಕಲ್ಲಿಗೂ ಸಾಕಾಗತೈತಿ ತಂಗಿ," ಎಂದು ನಕ್ಕರು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪನದು ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ಒಮ್ಮೆ ಸರ್ ನಮ್ಮ ಮನೆಗೆ ಊಟಕ್ಕೆ ಬಂದಾಗ ಅಪ್ಪ ಎಳೆ ಹರಿಯುವ ಗೋಳು ಹೇಳಿಕೊಂಡ. "ಮುಂಜಾನಿ ಛಲೋ ನಡೀತೈತ್ರಿ, ಮಧ್ಯಾಹ್ನ ಆತಂದ್ರ ರೇಷ್ಮಿ ಎಳಿ ಪಟಪಟ ಹರೀತಾವ. ನೂಲ ಕೆಟ್ಟೈತೋ ಕೈ ಕೆಟ್ಟೈತೋ ತಿಳೀವಲ್ದು." ಸರ್ ಮಗ್ಗದ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಎಳೆಗಳ ಮೇಲೆ ಮುಂಗೈ ಸವರಿ, "ನೂಲೂ ಕೆಟ್ಟಿಲ್ಲ, ಕೈನೂ ಕೆಟ್ಟಿಲ್ರಿ. ಗಾಳಿ ಒಣಗೇತಿ," ಎಂದರು. ಕುಣಿಯ ಗೋಡೆಗೆ ಒದ್ದೆ ಗೋಣಿಚೀಲ ಹಾಸಲು ಹೇಳಿದರು. ಎಳೆ ಹರಿಯುವುದು ಕಡಿಮೆಯಾಯಿತು. ಅಂದಿನಿಂದ ಅಪ್ಪನಿಗೆ ಅವರು ದೇವರಾದರು. "ನಿನಗ ಗುರು ಸಿಕ್ಕಾನ. ಅವನ ಮಾತ ಮೀರಬ್ಯಾಡ," ಎಂದ. ಮೀರುವ ಯೋಚನೆ ನನಗಂತೂ ಇರಲಿಲ್ಲ.

ಅದರ ಮರುವರ್ಷ ರೋಹಿಣಿ ಮಳೆ ಒಂದಿಷ್ಟು ಬಿತ್ತು. ಜನ ಹೆಸರು ಬಿತ್ತಿದರು. ಆಮೇಲೆ ಮೋಡ ಬರುವುದು, ಗಾಳಿ ಅದನ್ನು ಹೊತ್ತೊಯ್ಯುವುದು, ಇಷ್ಟೇ ನಡೆಯಿತು. ಅದೇ ಹೊತ್ತಿಗೆ ನಮ್ಮ ಅವ್ವನಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ಆಪರೇಷನ್ ಆಯಿತು, ಗಾಯ ಕೀವಾಗಿ ಇನ್ನೊಂದಾಯಿತು. ನಾನು ಒಬ್ಬಳೇ ಮಗಳು. ಹಂಗಾಮಿ ಕೆಲಸದವಳಿಗೆ ಅಷ್ಟು ದಿನದ ರಜೆ ಎಲ್ಲಿಂದ ಬರಬೇಕು? ಕೆಲಸ ಬಿಡುತ್ತೇನೆಂದು ಹೇಳಲು ಹೋದೆ.

ಸರ್ ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. "ಕೆಲಸದ ಚಿಂತಿ ನಿನಗ್ಯಾಕ? ನಿನ್ನ ಹಾಜರಿ ನಾ ನೋಡ್ಕೋತೇನಿ. ನೀ ಅವ್ವನ್ನ ನೋಡು," ಎಂದರು. ಏಳು ವಾರ ನಾನು ಕೇಂದ್ರದ ಕಡೆ ತಲೆ ಹಾಕಲಿಲ್ಲ. ಮರಳಿ ಹೋದ ದಿನ ಅವರು ಹಾಜರಿ ಪುಸ್ತಕವನ್ನು ನನ್ನ ಮುಂದೆ ಸರಿಸಿ, "ಸಹಿ ಮಾಡಿಬಿಡು. ದವಾಖಾನಿ ಖರ್ಚ ಭಾಳ ಆಗಿರತೈತಿ, ನಿನ್ನ ಪಗಾರ ಯಾಕ ತಪ್ಪಬೇಕು?" ಎಂದರು. ಏಳು ವಾರದ ಸಹಿಯನ್ನು ಒಂದೇ ಸಲಕ್ಕೆ ಹಾಕಿದೆ. ಕಣ್ಣು ತುಂಬಿ ಬಂದಿತ್ತು. ಕೊನೆಯ ಸಾಲುಗಳಲ್ಲಿ ಅಕ್ಷರ ಸರಿಯಾಗಿ ಕಾಣಲೂ ಇಲ್ಲ.

ಅದು ತಪ್ಪೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರು ಮಾಡಿಸಿದ್ದರಿಂದ ತಪ್ಪಲ್ಲ ಎಂದುಕೊಂಡೆ.

ಎರಡು ದಿನ ಬಿಟ್ಟು ಒಂದು ಕಟ್ಟು ಚೀಟಿಗಳನ್ನು ತಂದು ಕೊಟ್ಟರು. ಆ ಮಳೆಗಾಲದ ಅಂಕಿಗಳು. ಮೇಲಿನ ಕಚೇರಿಗೆ ಕಳಿಸುವ ವಹಿಯಲ್ಲಿ ನೀಟಾಗಿ ಎತ್ತಿ ಬರೆಯಬೇಕು. "ನನ್ನ ಅಕ್ಷರ ಕೋಳಿ ಕಾಲು. ನಿಂದು ಮುತ್ತು. ನೀ ಬರೀ," ಎಂದರು. ಹೊಗಳಿಕೆಗೆ ಹಿಗ್ಗಿ ಬರೆಯುತ್ತ ಕುಳಿತೆ. ಮೊದಲ ಪುಟ ಮುಗಿಯುವ ಹೊತ್ತಿಗೆ ಕೈ ನಿಂತಿತು. ಒಂದು ದಿನದ ಸಾಲಿನಲ್ಲಿ ಒಳ್ಳೆಯ ಮಳೆ. ಮರುದಿನದ ಉಷ್ಣತೆ ನೋಡಿದರೆ ಹಗಲು ಮೂವತ್ತಾರು, ರಾತ್ರಿ ಇಪ್ಪತ್ತು. ಮುಂದಿನ ವಾರವೂ ಹಾಗೆಯೇ, ಅದರ ಮುಂದಿನ ವಾರವೂ. ಮಳೆ ಬಿದ್ದಿದೆ, ಅಂತರ ಮಾತ್ರ ಕುಗ್ಗಿಯೇ ಇಲ್ಲ. ಬಸ್ಸಿನ ಕಿಟಕಿಯಿಂದ ಹೆಸರಿನ ಹೊಲಗಳನ್ನು ನೋಡಿಕೊಂಡೇ ನಾನು ಬಂದಿದ್ದೆ. ಕಾಯಿ ಕಟ್ಟುವ ಮೊದಲೇ ಎಲೆ ಮುದುಡಿ ನಿಂತಿದ್ದವು.

"ಸರ್, ಮಳಿ ಇಷ್ಟ ಆಗೇತಿ ಅಂದ್ರ ಅಂತರ ಕಡಿಮಿ ಆಗಬೇಕಿತ್ತಲ್ರಿ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಟವೆಲಿನ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಒಣಗಾಳಿ ಬೀಸಿರಬೇಕು ತಂಗಿ. ನೀ ಬರೀ," ಎಂದರು.

ಬರೆದೆ. ಕಣ್ಣಿಗೆ ಕಂಡ ಹೊಲವನ್ನೂ ಕಾಲಿಗೆ ತಿಳಿದ ಪಾಠವನ್ನೂ ಬದಿಗಿಟ್ಟು ಆ ಮಾತನ್ನು ನಂಬಿದೆ. ಮುತ್ತಿನಂಥ ಅಕ್ಷರದಲ್ಲಿ ಎಲ್ಲ ಪುಟಗಳನ್ನೂ ತುಂಬಿಸಿದೆ.

ದಸರೆಯ ಮುಂಚೆ ಬರಗಾಲದ ಪಟ್ಟಿ ಬಂತು. ಸುತ್ತಲಿನ ಹೋಬಳಿಗಳೆಲ್ಲ ಅದರಲ್ಲಿದ್ದವು, ನಮ್ಮದಿರಲಿಲ್ಲ. ನಮ್ಮ ಕೇಂದ್ರದ ವಹಿಯ ಪ್ರಕಾರ ನಮ್ಮಲ್ಲಿ ಸಾಕಷ್ಟು ಮಳೆಯಾಗಿತ್ತು. ಹಾಗಾಗಿ ಮೇವಿನ ಕೇಂದ್ರ ನಮ್ಮ ಕಡೆ ತೆರೆಯಲಿಲ್ಲ. ಕಚೇರಿಗೆ ಚಹಾದ ಹಾಲು ತಂದು ಕೊಡುತ್ತಿದ್ದ ಒಬ್ಬ ಆಯಿಗೆ ಎರಡು ಎಮ್ಮೆಗಳಿದ್ದವು. ಒಂದು ದಿನ ಆಕೆ ಹಾಲಿಲ್ಲದೆ ಬಂದು ಬಾಗಿಲಲ್ಲಿ ನಿಂತಳು. ಸರ್ ಒಳಗಿದ್ದರು, ನಾನು ಹೊರಗಿದ್ದೆ.

"ನೀವು ವಹಿಯಾಗ ಬರದ ಮಳಿ ಯಾವ ಹೊಲದಾಗ ಬಿತ್ತವ್ವಾ? ಆ ಹೊಲ ತೋರ್ಸು. ಎಮ್ಮಿ ಅಲ್ಲೇ ಕಟ್ತೇನಿ," ಎಂದಳು.

ಆಕೆ ಬೈಯದೆ ಹೊರಟುಹೋದಳು. ಮುಂದಿನ ಶನಿವಾರ ಎರಡೂ ಎಮ್ಮೆಗಳನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋದಳೆಂದು ಕಾಕಾ ಹೇಳಿದ.

ಊರಿನವರು ಅರ್ಜಿ ಕೊಟ್ಟರು. ಮೇಲಿನಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಕಚೇರಿಯ ಹೊರಗೆ ಜನ ನೆರೆದಿದ್ದರು. ಒಳಗೆ ಸಾಹೇಬರು, ಸರ್, ನಾನು. ಬಾಗಿಲಿಗೆ ಒರಗಿ ಕಾಕಾ. ಸಾಹೇಬರು ವಹಿ ತೆರೆದು, ಸುತ್ತಲಿನ ಕೇಂದ್ರಗಳ ಮಳೆಗೂ ಇಲ್ಲಿನ ಮಳೆಗೂ ತಾಳೆಯೇ ಇಲ್ಲವಲ್ಲ, ಇದನ್ನು ಯಾರು ಅಳೆದದ್ದು ಎಂದು ಕೇಳಿದರು.

ಸರ್ ನನ್ನ ಕಡೆ ನೋಡಲಿಲ್ಲ. ವಹಿಯನ್ನೇ ನೋಡುತ್ತ, "ಅಕ್ಷರ ನೋಡ್ರಿ ಸಾಹೇಬ್ರ, ಈಕಿದು. ಹೊಸ ಹುಡುಗಿ. ಶಾಣ್ಯಾ ಅದಾಳಂತ ನಾ ನಂಬಿ ಬಿಟ್ಟೆ," ಎಂದರು.

ನಂಬಿ ಬಿಟ್ಟೆ. ಆ ಎರಡು ಪದ ಅವರ ಬಾಯಿಂದ ಎಷ್ಟು ಸಹಜವಾಗಿ ಬಂದವೆಂದರೆ, ಒಂದು ಕ್ಷಣ ನಾನೇ ಅವರಿಗೆ ಏನೋ ಮೋಸ ಮಾಡಿರಬೇಕೆನಿಸಿತು.

"ನಾ ಆವಾಗ ಇಲ್ಲಿ ಇರಲೇ ಇಲ್ರಿ. ಅವ್ವನ ಜೋಡಿ ಬಾಗಲಕೋಟಿ ದವಾಖಾನ್ಯಾಗಿದ್ದೆ," ಎಂದೆ.

ಸಾಹೇಬರು ಹಾಜರಿ ಪುಸ್ತಕ ತರಿಸಿದರು. ಪುಟ ತಿರುವಿ ನನ್ನ ಮುಂದೆ ಹಿಡಿದು, "ಹಂಗಾರ ಈ ಸಹಿ ಯಾರವು?" ಎಂದರು.

ನನ್ನವೇ. ಒಂದರ ಕೆಳಗೊಂದು, ಏಳು ವಾರದ್ದು. ಆ ದಿನಗಳಲ್ಲಿ ನಾನಿರಲಿಲ್ಲವೆಂದರೆ ಇಲ್ಲದ ಹಾಜರಿಗೆ ಪಗಾರ ಪಡೆದವಳಾಗುತ್ತೇನೆ. ಇದ್ದೆನೆಂದರೆ ಸುಳ್ಳು ಮಳೆ ಬರೆದವಳಾಗುತ್ತೇನೆ. ಕಾಕಾನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಸರ್ ಮೆಲ್ಲಗೆ, "ಹೋಗ್ಲಿ ಬಿಡ್ರಿ ಸಾಹೇಬ್ರ, ಸಣ್ಣ ವಯಸ್ಸು," ಎಂದರು. ಅವರು ಅದನ್ನು ಹೇಳಿದ ದನಿಯಲ್ಲಿ ಹಿಂದಿನ ಅದೇ ಅಂತಃಕರಣವಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಹೊಡೆತ ಬಿದ್ದದ್ದು ಆ ದನಿಯಿಂದ.

ಮರುದಿನದಿಂದ ಬರಬೇಡವೆಂದು ಸಾಹೇಬರು ಹೇಳಿದರು. ನಮ್ಮ ಹೋಬಳಿ ಮುಂದಿನ ಪಟ್ಟಿಯಲ್ಲಿ ಸೇರಿತು. ಅಷ್ಟರಲ್ಲಿ ಆ ಆಯಿಯ ಕೊಟ್ಟಿಗೆ ಖಾಲಿಯಾಗಿತ್ತು.

ಮನೆಯಲ್ಲಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಅಂಥಾ ಮನಿಷ್ಯಾ ಸುಳ್ಳ ಹೇಳ್ತಾನೇನು? ನೀನ ಏನರ ತಪ್ಪ ಮಾಡಿರಬೇಕು, ನೆನಪ ಮಾಡ್ಕೋ," ಎಂದ. ಅವ್ವನ ಪಕ್ಕದಲ್ಲಿ ನಾನು ಏಳು ವಾರ ಕೂತಿದ್ದನ್ನು ಕಣ್ಣಾರೆ ಕಂಡವನು. ಆದರೂ ಹಾಗೆಂದ. ಆಮೇಲೆ ಒಂದೆರಡು ತಿಂಗಳಿಗೆ ಅವನಿಗೆ ನಂಬಿಕೆ ಬಂತು. ಅದರ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಆ ಮಳೆಗಾಲದಲ್ಲಿ ಏನಾಯಿತೆಂಬುದನ್ನು ಕಾಕಾ ಹೇಳಿದ್ದು ಅದಾದ ಎಷ್ಟೋ ದಿನಕ್ಕೆ, ಕಮತಗಿಯ ಬಸ್ ನಿಲ್ದಾಣದಲ್ಲಿ ಎದುರಾದಾಗ.

"ಸರ್ ಬಾಗಲಕೋಟಿ ನವನಗರದಾಗ ಮನಿ ಕಟ್ಟಸಾಕತ್ತಿದ್ರಲ್ರಿ. ಸ್ಲ್ಯಾಬ್ ಹಾಕಿದ್ರು. ದಿನಾ ಮುಂಜಾನಿ ನಿಂತ ನೀರ ಹೊಡಸಬೇಕಲ್ರಿ, ಇಲ್ಲಿಗಿ ವಾರಕ್ಕೊಮ್ಮಿ ಬರ್ತಿದ್ರು. ಬಿಳಿ ಪೆಟಗಿ ಅಂಕಿ ನಾ ದಿನಾ ನೋಡಿ ಬೋರ್ಡಿನ ಮ್ಯಾಲೆ ಬರೀತಿದ್ದೆ, ಅವು ಖರೇನ ಅದಾವು. ಮಳಿ ಅಳಿಯೂ ಗಾಜ ಅವರ ಕಪಾಟದಾಗ ಕೀಲಿ ಹಾಕಿತ್ತು. ಫೋನ್ ಹಚ್ಚಿ ಕೇಳ್ತಿದ್ರು, ಮೋಡ ಐತೇನು? ಐತ್ರಿ. ಹನಿ ಬಿತ್ತೇನು? ನಾಕ ಹನಿ ಬಿದ್ದಂಗಾತ್ರಿ. ಅದಕ್ಕ ಏನೋ ಒಂದ ಅಂಕಿ ಹಾಕ್ಕೋತಿದ್ರು."

ಇಷ್ಟೇ. ಲಂಚವಿಲ್ಲ, ಒತ್ತಡವಿಲ್ಲ. ಯಾರಿಗೂ ಕೇಡು ಮಾಡಬೇಕೆಂದು ಅವರು ಹೊರಟಿರಲಿಲ್ಲ. ಬಾಗಲಕೋಟೆಯಲ್ಲಿ ಕೂತು, ಫೋನಿನಲ್ಲಿ ಕೇಳಿದ ನಾಲ್ಕು ಹನಿಯನ್ನು ಮಳೆಯೆಂದು ಬರೆದರು. ಆದರೆ ನನಗೆ ಅಂದಿನಿಂದ ಒಂದು ಸಂಶಯ ಹೊಕ್ಕು ಕುಳಿತಿದೆ. "ನೀ ಅವ್ವನ್ನ ನೋಡು" ಎಂದರಲ್ಲ, ಅದು ನನ್ನ ಮೇಲಿನ ಕರುಣೆಯೋ, ಅಥವಾ ನಾನಿಲ್ಲದಿದ್ದರೆ ಅವರು ಇಲ್ಲದಿರುವುದು ಯಾರಿಗೂ ತಿಳಿಯುವುದಿಲ್ಲವೆಂಬ ಲೆಕ್ಕವೋ? ನಾನು ಕಂಡ ಅತಿ ದೊಡ್ಡ ಉಪಕಾರ ಅದು. ಅದನ್ನೂ ಅವರು ನನ್ನ ಪಾಲಿಗೆ ಉಳಿಸಲಿಲ್ಲ.

ಇದಾಗಿ ಐದು ವರ್ಷದ ಮೇಲೆ ಹುನಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಿವೃತ್ತರಾಗಿದ್ದರು. ವಿಭೂತಿ, ಟವೆಲ್, ಎಲ್ಲ ಹಾಗೆಯೇ. ನನ್ನನ್ನು ಕಂಡು ತಾವೇ ಹತ್ತಿರ ಬಂದರು.

"ಹ್ಯಾಂಗದೀ ತಂಗಿ? ಸಾಲ್ಯಾಗ ಕಲಸ್ತೀಯಂತ. ಛಲೋ ಆತು. ಈ ಸಲ ಅಂತರ ನೋಡೀಯಿಲ್ಲೋ? ಶ್ರಾವಣ ಮುಗದು ಹುಬ್ಬಿ ಮಳಿ ಹೊತ್ತ ಬಂದ್ರೂ ಇಳೀವಲ್ದು."

ಅದೇ ಉತ್ಸಾಹ. ಏನೂ ನಡೆದೇ ಇಲ್ಲವೆಂಬಂತೆ. ನನಗೂ ಬಾಯಿಗೆ ಬಂದ ಮೊದಲ ಮಾತು, ನೋಡೇನ್ರಿ ಸರ್, ನಮ್ಮ ಸಾಲಿ ಪೆಟಗ್ಯಾಗೂ ಹಂಗ ಐತಿ, ಎಂಬುದೇ. ಅದನ್ನು ನುಂಗಿಕೊಂಡು, "ಅವತ್ತ ಯಾಕ ಹಂಗ ಹೇಳಿದ್ರಿ ಸರ್?" ಎಂದೆ.

ಯಾವತ್ತು ಎಂದು ಅವರು ಕೇಳಲಿಲ್ಲ. "ನನಗ ರಿಟೈರ್ ಆಗಾಕ ಎರಡ ವರ್ಷ ಇತ್ತು. ನಿನಗ ವಯಸ್ಸಿತ್ತು. ಇನ್ನೊಂದ ನೌಕರಿ ಸಿಗತೈತಿ ಅಂತ ನನಗ ಗೊತ್ತಿತ್ತು. ಸಿಕ್ತಲ್ಲ?" ಎಂದರು.

ಬಾಗಲಕೋಟೆಯ ಬಸ್ ಬಂತು. ಜನ ನುಗ್ಗಿದರು. ಅವರು ಹೇಗೋ ಒಳಹೊಕ್ಕು, ಕಿಟಕಿಯ ಪಕ್ಕದ ಸೀಟಿಗೆ ಟವೆಲ್ ಹಾಸಿ, ಹೊರಗೆ ತಲೆ ಹಾಕಿ ಕೂಗಿದರು. "ಬಾ ತಂಗಿ, ಜಾಗಾ ಹಿಡದೇನಿ." ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಹತ್ತಲಿಲ್ಲ. ಬಸ್ ಹೊರಟರೂ ಅವರು ಟವೆಲ್ ತೆಗೆದಿರಲಿಲ್ಲ. ಅವರನ್ನು ಕಂಡದ್ದು ಅದೇ ಕೊನೆ.

ಸುದ್ದಿ ತಿಳಿದ ವಾರದಲ್ಲಿ ಕಾಕಾ ಮತ್ತೆ ಫೋನ್ ಮಾಡಿ, "ಮನ್ಯಾಗಿನವರನ್ನ ಮಾತಾಡಿಸಿ ಬರೂಣ ಬರ್ರಿ ಅಕ್ಕಾರ. ಏನ ಆದ್ರೂ ಗುರು," ಎಂದ. ಹೋಗಬಾರದೆಂದು ಎರಡು ದಿನ ಕೂತೆ, ಮೂರನೆಯ ದಿನ ಹೋದೆ.

ನವನಗರದ ಆ ಮನೆಯಲ್ಲಿ ಬಂಧುಗಳು ತುಂಬಿದ್ದರು. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ನನ್ನ ಗುರುತು ಹೇಳಿದ್ದೇ ತಡ, ಆಕೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನ ಏನವ್ವಾ ಆಕಿ? ಕಡೀತನಕಾ ನೆನಸ್ತಿದ್ರು ನಿನ್ನ. ಹುಡುಗಿ ಭಾಳ ಶಾಣ್ಯಾ, ಒಂದ ತಪ್ಪ ಮಾಡಿ ಕೂತಿತ್ತು, ಕೇಸ ಆಗಬೇಕಿತ್ತು, ನಾ ಸಾಹೇಬ್ರ ಕಾಲ ಹಿಡದ ಉಳಿಸಿದೆ ಅಂತಿದ್ರು. ಉಪಕಾರ ನೆನಸಿ ಬಂದೀಯಲ್ಲ, ನಿನ್ನ ಹೊಟ್ಟಿ ತಣ್ಣಗಿರ್ಲಿ."

ಸುತ್ತ ಕುಳಿತವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಈ ಮನೆಯಲ್ಲಿ ಹನ್ನೊಂದು ವರ್ಷ ನಾನು ಹೀಗೆ ಬದುಕಿದ್ದೆ. ತಪ್ಪು ಮಾಡಿ, ಕ್ಷಮೆ ಪಡೆದವಳಾಗಿ. ಅವರು ಅಂದು ಗಾಬರಿಯಲ್ಲಿ ಸುಳ್ಳು ಹೇಳಿದ್ದರೆಂದು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೆ. ಗಾಬರಿ ಇಲ್ಲದಾಗಲೂ, ಊಟಕ್ಕೆ ಕೂತಾಗಲೂ, ಹೆಂಡತಿಯ ಮುಂದೆಯೂ ಅದನ್ನೇ ಹೇಳಿದ್ದರು.

"ಅವ್ವಾರ," ಎಂದೆ. "ಆ ಅಂಕಿ ನಾ ಹಾಕಿದ್ದಲ್ರಿ. ಅವರು ಕೊಟ್ಟದ್ದನ್ನ ನಾ ಎತ್ತಿ ಬರದೆ. ಆ ಏಳು ವಾರ ನಾ ದವಾಖಾನ್ಯಾಗಿದ್ದೆ. ಅವರು ಈ ಮನಿ ಕಟ್ಟಸಾಕತ್ತಿದ್ರು. ಮಳಿ ಯಾರೂ ಅಳೀಲೇ ಇಲ್ಲ."

ಆಕೆ ಕಾಕಾನ ಕಡೆ ತಿರುಗಿದರು. ಕಾಕಾ ಈ ಸಲ ನೆಲ ನೋಡಲಿಲ್ಲ. "ಖರೆ ಐತ್ರಿ ಅವ್ವಾರ," ಎಂದ.

ಬೈಯುತ್ತಾರೆ, ಎದ್ದು ಹೋಗೆನ್ನುತ್ತಾರೆ ಎಂದು ಕಾದೆ.

"ಅವರ ಇದ್ದಾಗ ಹೇಳಬೇಕಿತ್ತವ್ವಾ," ಎಂದರು ಕೊನೆಗೆ. "ಅವರನ್ನ ಒಂದ ಮಾತ ಕೇಳ್ತಿದ್ದೆ. ಈಗ ನಾ ಯಾರನ್ನ ಕೇಳ್ಲಿ?"

ನನ್ನ ಕೈಯನ್ನು ಆಕೆ ಇನ್ನೂ ಬಿಟ್ಟಿರಲಿಲ್ಲ.